ಇನ್ ಇದೆ, ಔಟ್ ಇಲ್ಲ

ಲಘು ವ್ಯವಹಾರಗಳ ನ್ಯಾಯಾಲಯ
ಅಂತ ಬರೆದಿದೆ ಬಾಗಿಲ ಮೇಲೆ.
ಮೊದಲ ದಿನ ಅಕ್ಷರ ಕೂಡಿಸಿಕೊಂಡು ಓದಿದೆ,
ಎಡಗೈಯಲ್ಲಿ ಬಲಗೈ ಎತ್ತಿ ಹಿಡಿದು.
ಇಳಿಬಿಟ್ಟರೆ ರಕ್ತವೆಲ್ಲ ಅಲ್ಲಿಗೇ ಇಳಿದು
ಇಲ್ಲದ ಉಗುರು ಮಿಡಿಯುತ್ತದೆ.

ಸುಂಕದಕಟ್ಟೆಯಿಂದ ಮೆಜೆಸ್ಟಿಕ್ಕು, ಅಲ್ಲಿಂದ ಇನ್ನೊಂದು ಬಸ್ಸು.
ಹೆಂಗಸರಿಗೆ ದುಡ್ಡಿಲ್ಲ, ಸದ್ಯ.
ಸೊನ್ನೆ ರೂಪಾಯಿಯ ಟಿಕೆಟ್ಟುಗಳನ್ನೆಲ್ಲ
ಎಕ್ಸ್‌ರೇ ಕವರಿನಲ್ಲಿ ಕೂಡಿಟ್ಟಿದ್ದೇನೆ.
ಹದಿನೇಳು ವಾಯಿದೆ, ಅರವತ್ತೆಂಟು ಟಿಕೆಟ್ಟು.

ಯಜಮಾನರ ಕಡೆಯ ವಕೀಲರು ತುಂಬ ಮರ್ಯಾದಸ್ತರು.
"ಅಮ್ಮಾ, ನೀವು ಅಲ್ಲಿ ಕೆಲಸಕ್ಕೇ ಇರಲಿಲ್ಲವಲ್ಲ" ಅಂದರು,
ಬಸ್ಸು ತಪ್ಪಿ ಹತ್ತಿದವಳಿಗೆ ಹೇಳುವ ಹಾಗೆ.
ರಿಜಿಸ್ಟರಿನಲ್ಲಿ ಹೊಂಬಾಳಮ್ಮ ಇಲ್ಲ,
ಸಂಬಳದ ಚೀಟಿಯಿಲ್ಲ, ಇಎಸ್‌ಐ ನಂಬರಿಲ್ಲ.
ಆರು ವರ್ಷ ನಾನು ಒತ್ತಿದ ವಾಷರುಗಳಿವೆ,
ಯಾವ ಊರಿನ ಯಾವ ಗಾಡಿಯ ಯಾವ ಬೋಲ್ಟಿನಡಿಯೋ.
ಅವನ್ನು ಸಾಕ್ಷಿಗೆ ಕರೆಯುವುದು ಹೇಗೆ?

ಇಮ್ತಿಯಾಜ್ ಇದ್ದ ಸಾಕ್ಷಿಗೆ.
ಓಡಿಬಂದು ಮೇನ್ ಆಫ್ ಮಾಡಿದವನು,
ತನ್ನ ಟವಲು ಸುತ್ತಿದವನು,
ಬೆರಳನ್ನು ಹಾಲಿನ ಪ್ಯಾಕೆಟ್ಟಿನೊಳಗೆ ಹಾಕಿ
ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದವನು.
"ಆ ದಿನ ನಾನು ರಜ" ಅಂದ ಕಟಕಟೆಯಲ್ಲಿ.
ನನ್ನ ಕಡೆ ನೋಡಲಿಲ್ಲ.
ಆ ಪ್ರೆಸ್ಸಿನ ಮುಂದೆ ಈಗ ಕೂರುವವನು ಅವನೇ.
ಟವಲು ನನ್ನ ಹತ್ತಿರವೇ ಉಳಿದಿದೆ.

ಪರ್ಸೆಂಟು ಬರೆಯುವ ಡಾಕ್ಟರು ಸ್ಕೇಲಿಟ್ಟು ನೋಡಿದರು.
ತೋರುಬೆರಳು ಪೂರ್ತಿ ಹೋದರೆ ನೂರಕ್ಕೆ ಹದಿನಾಲ್ಕಂತೆ,
ಎರಡು ಗೆಣ್ಣಿಗೆ ಹನ್ನೊಂದು.
ಬುಡದಲ್ಲುಳಿದ ಗೆಣ್ಣನ್ನು ಅಲ್ಲಾಡಿಸಿ ತೋರಿಸಿದೆ, ಪೆದ್ದಿ,
ಏನೋ ಬಹುಮಾನ ಕೊಡುತ್ತಾರೆ ಅನ್ನುವ ಹಾಗೆ.
ಹನ್ನೊಂದು ಅಂತ ಬರೆದರು.
ಸೌತೆಕಾಯಿ ಕೊಳ್ಳುವಾಗಲೂ ನಾನು ಇಷ್ಟು ಮೋಸ ಹೋಗುವವಳಲ್ಲ.

ಅವತ್ತು ರಾತ್ರಿ ಮೊಮ್ಮಗಳಿಗೆ
ಚಂದಮಾಮ ತೋರಿಸಲು ಕೈಯೆತ್ತಿದೆ.
ಅವಳು ಮೋಟನ್ನೇ ನೋಡುತ್ತಿದ್ದಳು.

ರಾಜಿಗೆ ಕರೆದಿದ್ದರು ಒಮ್ಮೆ.
ಕಾಫಿ, ಇಪ್ಪತ್ತೈದು ಸಾವಿರ, ಒಂದು ಬಿಳಿ ಹಾಳೆ.
"ಸಹಿ ಬೇಡ, ಹೆಬ್ಬೆಟ್ಟು ಒತ್ತು ಸಾಕು. ಅದಿದೆಯಲ್ಲ."
ಒತ್ತಲಿಲ್ಲ.
ಬಾಗಿಲು ದಾಟುವಾಗ ಬೆನ್ನಿಗೆ ಕೇಳಿಸಿತು,
"ಇಂಥವರಿಗೆ ಬೆರಳು ಕೊಟ್ಟರೆ ಹಸ್ತವನ್ನೇ ನುಂಗುತ್ತಾರೆ."
ಕಾಫಿ ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ.

ಯೂನಿಯನ್ನಿನ ರೋಸಲೀನ್ ಮೇಡಂ
ಹದಿಮೂರನೇ ವಾಯಿದೆಯ ದಿನ
ಮೆಟ್ಟಿಲ ಮೇಲೆ ಕೂತು ಚಿತ್ರಾನ್ನ ತಿನ್ನುತ್ತಾ ಕೇಳಿದರು,
"ಒಳಗೆ ಹೋಗುವಾಗ ಏನಾದರೂ ಒತ್ತುತ್ತಿದ್ದಿರಾ?"
ಒತ್ತುತ್ತಿದ್ದೆ. ಗೋಡೆಯ ಮೇಲೊಂದು ಕರಿ ಡಬ್ಬಿ.
ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ,
ಹಸಿರು ದೀಪ, ಕುಯ್ ಅಂತ ಸದ್ದು.
"ಯಾವ ಬೆರಳು?"
ಎತ್ತಿ ತೋರಿಸಿದೆ.
ಮೇಡಂ ಸ್ವಲ್ಪ ಹೊತ್ತು ತಿನ್ನಲಿಲ್ಲ.

ಡಬ್ಬಿ ಮಾರಿದ ಕಂಪನಿಗೆ ಸಮನ್ಸು ಹೋಯಿತು,
ಹಾಳೆಗಳ ಕಂತೆ ಬಂತು.
ಹೆಸರಿಲ್ಲ. ನಂಬರು ನಲವತ್ತೊಂದು.
ಆರು ವರ್ಷದ ಇನ್ನು, ಆರು ವರ್ಷದ ಔಟು,
ತಡವಾದ ಒಂಬತ್ತು ದಿನ ಕೆಂಪಕ್ಷರದಲ್ಲಿ.
ಕೊನೆಯ ಸಾಲು: ಬುಧವಾರ, ಇನ್ 8.52.
ಪಕ್ಕದ ಮನೆ ಖಾಲಿ.

ಮರ್ಯಾದಸ್ತ ವಕೀಲರು ಎದ್ದರು.
"ನಲವತ್ತೊಂದು ಇವರೇ ಅನ್ನುವುದಕ್ಕೆ ರುಜುವಾತೇನು?
ಬೇಕಾದರೆ ಆ ಬೆರಳನ್ನೇ ಇಡಿಸಿ..."
ಮಾತು ಅಲ್ಲಿಗೇ ನಿಂತಿತು.
ಫ್ಯಾನು ತಿರುಗುವುದು ಕೇಳಿಸಿತು.
ಟೈಪು ಮಾಡುತ್ತಿದ್ದ ಹುಡುಗಿ
ತನ್ನ ಹತ್ತೂ ಬೆರಳನ್ನು ಮಡಿಲಲ್ಲಿ ಇಟ್ಟುಕೊಂಡಳು.

ಮುಂದಿನ ವಾಯಿದೆ ಹತ್ತೊಂಬತ್ತನೇ ತಾರೀಕು.
ಅಲ್ಲಿಯವರೆಗೆ ಆ ಹಾಳೆಯ ಲೆಕ್ಕದಲ್ಲಿ
ನಾನಿನ್ನೂ ಒಳಗೇ ಇದ್ದೇನೆ.
ಓವರ್‌ಟೈಮು ಓಡುತ್ತಿದೆ.