ಮೈನಸ್ ಹತ್ತೊಂಬತ್ತು

ವೂಚ್ ಪಟ್ಟಣದಲ್ಲಿ ಜನವರಿ. ರಾತ್ರಿ ಹತ್ತೂಮುಕ್ಕಾಲು.
ನಾಲ್ಕನೇ ಮಹಡಿಯ ಕಿಟಕಿಗೆ ಹಿಮ ಕಸೂತಿ ಹಾಕಿದೆ.
ನನ್ನ ಪರದೆಯ ಮೇಲೂ ಕಸೂತಿ:
ಯಾರದೋ ಮದುವೆಯ ಮೇಜುಬಟ್ಟೆಗೆ ಲೇಸಿನ ನಕ್ಷೆ,
ಸಾವಿರದ ನೂರ ಆರನೆಯ ಕುಣಿಕೆಗೆ ಬಂದು ನಿಂತಿದ್ದೇನೆ.
ಅಂಚಿನ ಜರೀಗಿಡದೆಲೆ ಇನ್ನೂ ಅರ್ಧವೇ ಬಿಚ್ಚಿದೆ.

ಬೊಗುಮಿಲ್ ಬೂಟಿನ ಲಾಡಿ ಬಿಗಿಯುತ್ತಾ ಅಂದ:
"ಪೂರ್ತಿ ಆರಿಸಿಬಿಡು, ಹಾಲ್ಷ್ಕಾ.
ಆ ಪೆಟ್ಟಿಗೆಗೂ ಒಂದು ನಿದ್ದೆ ಬೇಡವೆ?"
ಇಪ್ಪತ್ತೇಳು ವರ್ಷ ಟ್ರಾಮ್ ಓಡಿಸಿದವನ ಮಾತು.
ಕೊನೆಯ ನಿಲ್ದಾಣ ಅಂದರೆ ಕೊನೆಯ ನಿಲ್ದಾಣ,
ತೂಕಡಿಸುವವರನ್ನೂ ಭುಜ ತಟ್ಟಿ
ಇಳಿಸಲೇಬೇಕು.

ನನ್ನದು ಬೇರೆ ಲೆಕ್ಕ. ನಾನು ಹೈಬರ್ನೇಟ್ ಒತ್ತುವವಳು.
ಇದ್ದುದನ್ನು ಇದ್ದ ಹಾಗೇ
ಪಾತ್ರೆಯಿಂದ ಪಾತ್ರೆಗೆ ಹಾಲು ಬಗ್ಗಿಸಿದ ಹಾಗೆ
ನೆನಪನ್ನೆಲ್ಲ ಡಿಸ್ಕಿಗೆ ಬಗ್ಗಿಸಿ
ಆಮೇಲೆ ಕರೆಂಟು ಬಿಡುವುದು. ತಂತಿ ಕಿತ್ತರೂ ಹೆದರಿಕೆಯಿಲ್ಲ.
ಬೂದಿ ಮುಚ್ಚಿದ ಕೆಂಡ. ಬೆಳಗ್ಗೆ ಊದಿದರೆ ಸಾಕು.

ಸಾಕಿತ್ತು, ಹೋದ ವರ್ಷದ ತನಕ.
ಈಗ ಎಬ್ಬಿಸಿದರೆ ಡಿಸ್ಕು ಕೆರೆಯುತ್ತದೆ,
ಕರ್ ಕರ್ ಕರ್, ಹಲಗೆಯಡಿ ಇಲಿ ಹೊಕ್ಕ ಹಾಗೆ.
ಚಹಾಕ್ಕೆ ನೀರಿಟ್ಟು, ಕುದಿಸಿ, ನಿಂಬೆ ಹಿಂಡಿ,
ಅರ್ಧ ಲೋಟ ಕುಡಿದು ಬಂದರೂ ಪರದೆ ಕಪ್ಪು.
ಬೆಳಕಾದ ಮೇಲೂ ಬಾಣ ಕಾಲೆಳೆಯುತ್ತದೆ.

ರಿಪೇರಿ ಅಂಗಡಿಯ ದೊಬ್ರವಾ
ಸತ್ತ ಡಿಸ್ಕೊಂದರ ಮುಚ್ಚಳ ಬಿಚ್ಚಿ ತೋರಿಸಿದಳು.
ಕನ್ನಡಿಯಂಥ ತಟ್ಟೆ. ಬದುಕಿದ್ದಾಗ
ನಿಮಿಷಕ್ಕೆ ಐದು ಸಾವಿರದ ನಾನೂರು ಸುತ್ತು.
ಅದರ ಮೇಲೆ ಸೂಜಿಯಂಥ ತೋಳು, ತಟ್ಟೆಗೆ ತಾಗದೆ,
ಧೂಳಿನ ಕಣವೂ ನುಸುಳದಷ್ಟು ಎತ್ತರದಲ್ಲಿ ಹಾರುತ್ತದಂತೆ.
ಮುಟ್ಟಿತೋ, ಕೆಟ್ಟಿತು.
"ಹೈಬರ್ನೇಟ್ ಮಾಡಿದ್ದಕ್ಕೇ ಸವೆಯಿತು ಅನ್ನಬೇಡಿ.
ಇದಕ್ಕೆ ಒಂಬತ್ತು ವರ್ಷ. ಜಾಗ ತುಂಬಿದೆ.
ಒಂದೇ ಕಡತ ನೂರು ಕಡೆ ಚೂರಾಗಿ ಕೂತಿದೆ,
ತೋಳು ಓಡಾಡಿ ಹೆಕ್ಕಬೇಕು.
ಆಗಾಗ ಪೂರ್ತಿ ಆರಿಸಿ, ಹೊಸದಾಗಿ ಹಚ್ಚಿ.
ಎಷ್ಟು ದಿನದ ಕಸ ಹೊರಿಸಿ ಎಬ್ಬಿಸುತ್ತೀರಿ?"

ಮನೆಗೆ ಬಂದು ಎಣಿಸಿದೆ. ಅಕ್ಟೋಬರಿನಿಂದ ಒಮ್ಮೆಯೂ ಆರಿಸಿಲ್ಲ.
ಲೇಸಿನ ಹಿಂದೆ ಒಂದರ ಬೆನ್ನಿಗೊಂದು ಕಿಟಕಿ:
ಕಟ್ಟಿ ಮುಗಿಸಿದ ಗ್ಯಾಸಿನ ಬಿಲ್,
ಬೀಟ್‌ರೂಟ್ ಸಾರಿಗೆ ಎಷ್ಟು ಹುಳಿ ಅನ್ನುವ ಜಗಳ,
ಎಲ್ಲಕ್ಕೂ ಅಡಿಯಲ್ಲಿ ತಂಗಿಗೆ ಬರೆಯತೊಡಗಿದ ಪತ್ರ:
"ಪ್ರೀತಿಯ ಯಾಗ್ನಾ, ಆವತ್ತು ನಾನು"
ಅಲ್ಲೇ ಕಡ್ಡಿ ಮಿನುಗುತ್ತಾ ನಿಂತಿದೆ.
ಪಾಪದ ತಟ್ಟೆ! ರಾತ್ರಿ ರಾತ್ರಿ ಅದನ್ನೇ ಬರೆದಿಟ್ಟು
ಬೆಳಗ್ಗೆ ಬೆಳಗ್ಗೆ ಅದನ್ನೇ ಓದಿ ತಂದುಕೊಟ್ಟು
ನೂರು ದಿನ ಅರ್ಧ ವಾಕ್ಯ ಹೊತ್ತಿದೆ.

ಇದನ್ನು ಬೊಗುಮಿಲ್‌ಗೆ ಹೇಳಲಿಲ್ಲ. ಗೆದ್ದೆ ಅಂದುಕೊಂಡಾನು.
ಬಾಗಿಲಲ್ಲಿ ತಡೆದು ಕೇಳಿದೆ:
"ಹೊರಗೆ ಮೈನಸ್ ಹತ್ತೊಂಬತ್ತು.
ಡಿಪೋದಲ್ಲಿ ಟ್ರಾಮುಗಳನ್ನೂ ಪೂರ್ತಿ ಆರಿಸುತ್ತೀರೋ?"

ಟೋಪಿ ಕಿವಿಗೆಳೆದುಕೊಂಡ. ನೆಲ ನೋಡಿದ.
"ಇಂಥ ಚಳಿಯಲ್ಲಿ ಇಲ್ಲ.
ನೆತ್ತಿಯ ಕೈ ತಂತಿಗೆ ತಗುಲಿಸಿಯೇ ಬಿಡುತ್ತೇವೆ.
ಒಳಗೊಂದಿಷ್ಟು ಬಿಸಿ ಇರಬೇಕು, ಇಲ್ಲವಾದರೆ
ಬೆಳಗ್ಗೆ ಬಾಗಿಲೇ ತೆರೆಯುವುದಿಲ್ಲ.
ರಾತ್ರಿಯಿಡೀ ಸಾಲಾಗಿ ನಿಂತು ಗುಂಯ್‌ಗುಡುತ್ತಿರುತ್ತವೆ."
ಸ್ವಲ್ಪ ತಡೆದು, "ನಾನೇ ಕಾವಲು" ಅಂದ.

ಮೆಟ್ಟಿಲಿಳಿಯುವ ಸದ್ದು ಮುಗಿಯುವ ತನಕ ಕಾದೆ.
ಲೇಸನ್ನು ಉಳಿಸಿದೆ. ಬಿಲ್ ಮುಚ್ಚಿದೆ. ಸಾರನ್ನೂ.
ಯಾಗ್ನಾಳ ಪತ್ರಕ್ಕೆ "ಅಂದದ್ದು ತಪ್ಪು" ಅಂತ ಸೇರಿಸಿ
ಇನ್ನೊಮ್ಮೆ ಓದದೆ ಕಳಿಸಿದೆ.
ಶಟ್ ಡೌನ್.

ಸಿಳ್ಳೆಯಂಥ ಸದ್ದು ಇಳಿಯುತ್ತಾ ಇಳಿಯುತ್ತಾ
ಕೊನೆಗೊಂದು ಟಿಕ್. ತೋಳು ಗೂಡು ಸೇರಿತು.
ಈ ಕೋಣೆ ಇಷ್ಟು ನಿಶ್ಶಬ್ದ ಅಂತ ಗೊತ್ತೇ ಇರಲಿಲ್ಲ.
ಕೆಳಗೆ ತಿರುವಿನಲ್ಲಿ ಕೊನೆಯ ಟ್ರಾಮು
ಹಿಮಗಟ್ಟಿದ ತಂತಿಗೆ ನೀಲಿ ಕಿಡಿ ಉಜ್ಜಿ ಹೋಯಿತು.

ನಾಳೆ ಏಳಲು ಎಷ್ಟು ಹೊತ್ತು ಹಿಡಿಯುತ್ತದೋ,
ಚಹಾ ಇಟ್ಟು ನೋಡಬೇಕು.