ಒಂದಕ್ಕೆ ಆರು

ಶಾಲೆ ಮುಚ್ಚಿ ಹನ್ನೊಂದು ದಿನ.
ಕನ್ಯಾಮಾದ ಓಣಿಗಳಲ್ಲಿ ಬಾವಿಯೂ ಕಕ್ಕಸಿನ ಗುಂಡಿಯೂ
ಒಂದೇ ನೀರು ಕುಡಿಯುತ್ತಿವೆ.
ಲುಸಾಕಾದ ಜನವರಿ ಮಳೆ
ಏನನ್ನೂ ತೊಳೆಯುವುದಿಲ್ಲ, ಎಲ್ಲವನ್ನೂ ಕಲೆಸುತ್ತದೆ.

ಫುಟ್‌ಬಾಲ್ ಮೈದಾನದ ತುಂಬ ಬಿಳಿ ಡೇರೆಗಳು.
ಗೋಲುಕಂಬಕ್ಕೆ ಕಟ್ಟಿದ ಹಗ್ಗದಲ್ಲಿ
ಒಣಗಲೊಲ್ಲದ ಚಿತೆಂಗೆ ಬಟ್ಟೆಗಳು.
ಕೆಮಿಸ್ಟ್ರಿ ಮೇಷ್ಟ್ರು ಸಿಯಾಂಡ್ವಾಜಿ
ಯಾರದೋ ಗಂಬೂಟು ತೊಟ್ಟು ಬಂದಿದ್ದಾರೆ
ಕ್ಲೋರಿನ್ ಕಲೆಸಲು.
ಲೆಕ್ಕ ಬಲ್ಲವರು ಬೇಕು ಎಂದಿದ್ದರಂತೆ.

ಡ್ರಮ್ಮಿನ ಹತ್ತಿರ ಆಗಲೇ ಇದ್ದಳು ಮುತಿಂತಾ.
ಹತ್ತನೆಯ ತರಗತಿಯಲ್ಲಿ ಎರಡು ಸಲ ಕೂತು
ಎರಡು ಸಲವೂ ಎದ್ದು ಹೋದವಳು.
ಮೊಣಕೈವರೆಗೆ ರಬ್ಬರು,
ಹಿಡಿ ಮುರಿದ ಪ್ಲಾಸ್ಟಿಕ್ ಕಪ್ಪು.

ಮೇಷ್ಟ್ರಿಗೆ ನೆನಪಿದೆ ಅವಳ ಉತ್ತರಪತ್ರಿಕೆ.
ಹತ್ತು ಮಿಲಿಲೀಟರನ್ನು ನೂರಕ್ಕೆ ಏರಿಸು ಅಂದರೆ
ನೂರಕ್ಕೆ ನೂರೂ ನೀರು ಸುರಿದಿದ್ದಳು,
ಅಲ್ಲೇ ಕೂತಿದ್ದ ಹತ್ತನ್ನು ಮರೆತು.
ಕೆಂಪು ಶಾಯಿಯಲ್ಲಿ ಬರೆದಿದ್ದರು:
ಮೊದಲೇ ಇದ್ದವರನ್ನು ಲೆಕ್ಕಕ್ಕೆ ಹಿಡಿ.
ಇಡೀ ತರಗತಿ ರಾಗವಾಗಿ ಒಪ್ಪಿಸುತ್ತಿತ್ತು
ಸಿ ಒಂದು ವಿ ಒಂದು, ಸಮ, ಸಿ ಎರಡು ವಿ ಎರಡು.
ನೀರು ಬೆರೆತರೆ ಕರಗಿದ್ದು ಕರಗಿಹೋಗುವುದಿಲ್ಲ,
ಹರಡಿಕೊಳ್ಳುತ್ತದೆ, ಅಷ್ಟೆ,
ಎನ್ನುವಾಗ ಮೇಷ್ಟ್ರ ಕೈ ಎರಡೂ ಅಗಲವಾಗುತ್ತಿದ್ದವು.
ಅವಳು ಕಿಟಕಿಯಾಚೆ ನೋಡುತ್ತಿದ್ದಳು.

ಈಗ ರಾತ್ರಿ ಎರಡು.
ಸೀಸೆಯ ಮೇಲೆ ಮೂರೂವರೆ ಶೇಕಡ.
ನೆಲಕ್ಕೆ, ಮಂಚಕ್ಕೆ ಬೇಕಾದ್ದು ಅರ್ಧ.
ಏಳನೇ ಒಂದು, ಬಾಯಿಲೆಕ್ಕ.
ಒಂದು ಕಪ್ಪು ಸುರಿದು
ನೀರು ಎಣಿಸುತ್ತಾರೆ ನಿದ್ದೆಗಣ್ಣಿನ ಮೇಷ್ಟ್ರು:
ನಾಲ್ಕು, ಐದು, ಆರು,
ಏಳನೆಯದಕ್ಕೆ ಎತ್ತಿದ ಕೈಯನ್ನು
ರಬ್ಬರಿನ ಕೈಯೊಂದು ತಡೆಯುತ್ತದೆ.

'ಸಾರ್, ಏಳರಲ್ಲಿ ಒಂದು. ಒಂದಕ್ಕೆ ಏಳಲ್ಲ.'

ಮಳೆ ಡೇರೆಯ ಮೇಲೆ ಸ್ವಲ್ಪ ಹೊತ್ತು ಮಾತಾಡಿತು.

'ನಿಮ್ಮ ಸೂತ್ರ ನನಗೆ ಹತ್ತಲೇ ಇಲ್ಲ ಸಾರ್.
ನಾನು ತಟ್ಟೆ ಇಡುತ್ತೇನೆ.
ಮನೆಯಲ್ಲಿ ಏಳು ತಟ್ಟೆ. ಆರು ಮಂದಿಗೆ ಎನ್‌ಷಿಮಾ ಬಡಿಸಿ
ಬಡಿಸಿದವಳದ್ದೂ ಒಂದು.
ನನ್ನದನ್ನು ಬಿಟ್ಟು ಎಣಿಸಿದ ದಿನ ನನಗೇ ಉಪವಾಸ.'
ಕಪ್ಪನ್ನು ಬಕೆಟ್ಟಿನ ಅಂಚಿಗೆ ತಟ್ಟಿ
ಕೊನೆಯ ಹನಿಯನ್ನೂ ಇಳಿಸಿದಳು.
'ಈಗ ಐದೇ ತಟ್ಟೆ. ಆದರೂ ಕೈ ಏಳನ್ನೇ ತೆಗೆಯುತ್ತದೆ.'

ಏನೋ ಹೇಳಬೇಕೆನಿಸಿತು ಮೇಷ್ಟ್ರಿಗೆ,
ಹರಡಿಕೊಳ್ಳುವುದರ ಬಗ್ಗೆ.
ನಾಲಿಗೆಯ ತುದಿಯವರೆಗೆ ಬಂದದ್ದನ್ನು ನುಂಗಿಕೊಂಡರು.
ಒಳಗಿನಿಂದ ಯಾರೋ ಬಕೆಟ್ ಎಂದು ಕೂಗಿದರು.

ಎರಡನೆಯ ಸೀಸೆಯ ಮುಚ್ಚಳ ತಿರುಗಿಸಿ
ಗಾಳಿಯನ್ನು ಕೈಯಿಂದ ಮೂಗಿನತ್ತ ಬೀಸಿಕೊಂಡಳು
(ಇದನ್ನಂತೂ ಅವರೇ ಕಲಿಸಿದ್ದು).
'ಇದು ಬೇಡ. ಬಿಸಿಲಲ್ಲಿ ನಿಂತದ್ದು.
ಹೆಸರಿಗೆ ಮಾತ್ರ ಮೂರೂವರೆ.'
ಕಾಗದದ ಪಟ್ಟಿ ಅದ್ದಿದರು. ಬಣ್ಣ ಏರಲೇ ಇಲ್ಲ.

ಹತ್ತೊಂಬತ್ತು ವರ್ಷ ಕರಿಹಲಗೆಯ ಮೇಲೆ
ಸಿ ಒಂದನ್ನು ಬರೆದ ಕೈ ಅದು.
ಕೊಟ್ಟಿದೆ, ಎಂದು ಶುರುವಾಗುತ್ತಿತ್ತು ಪ್ರತಿಯೊಂದು ಲೆಕ್ಕ.
ಕೊಟ್ಟವರು ಯಾರು, ಯಾವಾಗ,
ಆಮೇಲೆ ಅದು ಎಲ್ಲಿ ನಿಂತಿತ್ತು,
ಒಂದು ಮಗುವೂ ಕೇಳಿರಲಿಲ್ಲ.
ಕೇಳಿದ್ದರೆ ಬಹುಶಃ ಬೈದು ಕೂರಿಸುತ್ತಿದ್ದರು.

ಅರ್ಧದ್ದರಲ್ಲಿ ಒಂದು ಕಪ್ಪಿಗೆ ಒಂಬತ್ತು ನೀರು:
ಇದು ಕೈಗೆ. ಬದುಕಿರುವವರ ಚರ್ಮಕ್ಕೆ
ಇಷ್ಟು ತೆಳುವಾದರೆ ಸಾಕು.
ಬಾಗಿಲಲ್ಲಿ ಸಾಲು. ಮಗುವನ್ನು ಬೆನ್ನಿಗೆ ಬಿಗಿದ ತಾಯಂದಿರು,
ಮಿನಿಬಸ್ಸಿನ ಡ್ರೈವರೊಬ್ಬ, ಅಂಗೈ ಮೇಲೆ ಮಾಡಿ.

ನಾಲ್ಕರ ಹೊತ್ತಿಗೆ ಮಳೆ ಇನ್ನೂ ದಪ್ಪವಾಯಿತು.
ಮೈದಾನ ಕೆರೆಯಾಗುತ್ತಿತ್ತು.
ಇದರೆದುರು ನಮ್ಮದೊಂದು ಕಪ್ಪೇ,
ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ,
ಅಂದುಕೊಳ್ಳುತ್ತ ಮೇಷ್ಟ್ರು ಗಂಬೂಟಿನ ನೀರು ಚೆಲ್ಲುತ್ತಿದ್ದರು.

ಮುತಿಂತಾ ಹೊರಗೆ ಓಡಿದಳು.
ತೆರೆದ ಡ್ರಮ್ಮಿನೊಳಕ್ಕೆ ಹನಿಹನಿಯಾಗಿ
ಯಾರೂ ಅಳೆಯದ ವಿ ಎರಡು ಇಳಿಯುತ್ತಿತ್ತು.
ತಗಡಿನ ತಟ್ಟೆಯೊಂದನ್ನು ಕವುಚಿ
ಅದರ ಮೇಲೆ ಕಲ್ಲು ಹೇರಿದಳು.