ಪಾವಟಿಗಿ

"ಕಲ್ಲಿಗೆ ಬಡಿತಾವ ಲಾಲಸಾಬ, ಎರಡೂ ತಗದಬಿಡು"
ಅಂದ ಗೋನಾಳ ಮಾಂತಪ್ಪ
ಕೆಳಗ ಇಳೀಲಾರದನ, ಕಿಡಕ್ಯಾಗಿಂದ.
ಇಳಕಲ್ಲಿನ ಹೊರಗ, ಹುನಗುಂದ ರಸ್ತೆದಾಗ
ಹತ್ತರ ಬಿಸಲು ಆಗಲೇ
ನನ್ನ ಶೆಟರಿನ ಅರ್ಧಕ್ಕ ಏರಿತ್ತು.

ಕಂಪನಿಯಿಂದ ಬರುವಾಗಲೇ ಬಂದಂಥವು.
ಆಮ್ಯಾಲೆ ಹಾಕಿಸಿದ್ದಲ್ಲ, ಹಚ್ಚಿಸಿದ್ದಲ್ಲ,
ಹುಟ್ಟಿದ ಕೂಸಿಗೆ ಕಿವಿ ಇದ್ದಂಗ
ಗಾಡಿಗೆ ಆ ಕಡೆ ಒಂದು, ಈ ಕಡೆ ಒಂದು.
ತಗಿಯೂದೇನು ದೊಡ್ಡ ಕೆಲಸಲ್ಲ,
ತಗದ ಮ್ಯಾಲೆ ಉಳಿತಾವಲ್ಲ ತೂತು,
ಕೆಲಸ ಅವು.
"ಗ್ಯಾರಂಟಿ ಹೋಗತೈತಿ ಸಾವಕಾರ."
"ಹೋಗಲಿ."
"ಕೆಸರು ನೇರ ಬಾಗಲಕ್ಕ ಹಾರತೈತಿ."
"ಹಾರಲಿ."

ಆವಾಗ ಇಳದ.
ನಿಚ್ಚಣಿಕಿ ಇಳದಂಗ, ಮಾರಿ ಗಾಡಿ ಕಡೆ, ಬೆನ್ನು ನಮ್ಮ ಕಡೆ,
ಒಂದು ಕಾಲು ಪಾವಟಿಗಿ ಮ್ಯಾಲೆ, ಇನ್ನೊಂದು
ನೆಲ ಹುಡಕ್ಕೋತ.
ನಿಂತರ ಹೆಗಲು, ಬಾಗಲದ ಹಿಡಿಕಿಗೆ ಬಂತು.
ಯಮನೂರ ಹಿಕ್ ಅಂತ ನಕ್ಕ.
ನಾ ಅವನ ಕಡೆ ನೋಡಿದೆ. ಸುಮ್ಮನಾದ.

ಗೋಣಿ ತಟ್ಟು ಹಾಸಿ ಅಡ್ಡಾದೆ ಗಾಡಿ ಕೆಳಗ.
ಕ್ವಾರಿ ಧೂಳು, ನಮ್ಮ ಕೆಂಪುಗಲ್ಲಿನ ಧೂಳು,
ಕುಂಕುಮಕ್ಕ ಸುಣ್ಣ ಕೂಡಿಸಿದಂಥ ಬಣ್ಣದ್ದು,
ಕಣ್ಣಾಗ ಉದರಿತು. ಒರಸಿ, ಬ್ಯಾಟರಿ ಹಚ್ಚಿ ನೋಡಿದೆ.
ಒಂದು ಗೀರಿಲ್ಲ.
ಇಳಕಲ್ಲಿನ ಕಲ್ಲು ಮುಟ್ಟಿದ್ದಕ್ಕ
ಸಹಿ ಹಾಕಲಾರದ ಬಿಡೂದಿಲ್ಲ,
ನನ್ನ ಮೊಣಕಾಲು ಕೇಳ್ರಿ.
ಇಲ್ಲಿ ಕರೀ ಬಣ್ಣ ಹಂಗ ಮಿಂಚತಿತ್ತು,
ಶೋರೂಮಿನ ಬಣ್ಣ.

ಹದಿಮೂರರ ಪಾನಾ. ಒಂದೊಂದು ಕಡೆ ಎಂಟು ಬೋಲ್ಟು.
ಮಷೀನು ಬಿಗದಿದ್ದು,
ಮಷೀನಿಗೆ ಯಾರ ಮ್ಯಾಲೂ ಕನಿಕರಿಲ್ಲ.
ಡೀಸೆಲ್ ಹನಿಸಿ ಬೀಡಿ ಸೇದೂವಷ್ಟು ಹೊತ್ತು ಕಾದೆ
(ಬೀಡಿ ಬಿಟ್ಟು ನಾಕ ವರ್ಷಾತು, ಹೊತ್ತು ಬಿಟ್ಟಿಲ್ಲ).

ಎಡಗಡೇದು ಮೊದಲು ಕೈಗೆ ಬಂತು.
ಅಂಚಿನ್ಯಾಗ ಇನ್ನೂ ಪ್ಲಾಸ್ಟಿಕ್ ಹಾಳಿ,
ರಬ್ಬರಿನ ಗೆರಿ ಒಂದೂ ಸವದಿಲ್ಲ.
ಮೂರು ವರ್ಷ ಆ ಬಾಗಲಕ್ಕ ಯಾರೂ ಹತ್ತಿಲ್ಲ.
ಬಲಗಡೇದು ಮಾತ್ರ
ಒಂದು ಜಾಗಾದಾಗ ನುಣ್ಣಗ ಸವದಿತ್ತು,
ಸಣ್ಣ ಬೂಟು, ಆರನೇ ನಂಬರಿನ ಅಳತಿ,
ಬಲಗಾಲು.
ಹೊಸ ಸೊಸಿ ಹೊಸ್ತಲ ದಾಟಿದಂಗ
ದಿನಾ ಬಲಗಾಲಿಟ್ಟು ಏರ್ಯಾನ.

ನಾ ಆರಡಿ ಮನಶ್ಯಾ. ಈ ಶೆಟರಿಗೆ ಬಡದು ಬಡದು
ಹಣಿ ಮ್ಯಾಲೆ ಗಂಟೈತಿ.
ಮಂದಿ ನಗತಾರ, ನಾನೂ ಕೂಡಿ ನಗತೀನಿ.
ಎತ್ತರದವನ ಮ್ಯಾಲಿನ ನಗಿ ಸೋವಿ,
ಯಾರಿಗೂ ರೊಕ್ಕ ಬೀಳೂದಿಲ್ಲ.

ತೂತಿಗೆಲ್ಲ ರಬ್ಬರಿನ ಬೂಚು ಬಡದು
ಮ್ಯಾಲೆ ಮೇಣ ತುಂಬಿದೆ.
ಚಹಾ ಮುಗಿಸಿ ಬಂದ ಮಾಂತಪ್ಪ
ನೆಲದ ಮ್ಯಾಲಿನವನ್ನ ನೋಡ್ಕೋತ ನಿಂತ.
"ಕ್ವಾರಿಯೊಳಗ ಆ ಹುಡುಗೂರು..." ಅಂದ,
ಮುಂದ ಹೋಗಲಿಲ್ಲ.
ಕೆಮ್ಮಿ, "ಬಡಿತಿದ್ದುವು" ಅಂದ.
"ಹೌದ್ರಿ," ಅಂದೆ ನಾ, "ಭಾಳ ಬಡದಾವ."

ರೊಕ್ಕ ಕೊಟ್ಟ. ಇನ್ನ ಏರೂದಷ್ಟ ಉಳೀತು.
ಯಮನೂರನ್ನ ಎಣ್ಣಿ ತರಾಕ ಕಳಿಸಿದೆ, ಎಣ್ಣಿ ಇತ್ತು.
ನಾ ನಳದ ಕಡೆ ತಿರಗಿ ಕೈ ತೊಳಿಯಾಕ ಹತ್ತಿದೆ.
ಬೆನ್ನ ಹಿಂದ ಬೂಟು ಒಮ್ಮೆ ಜಾರಿದ ಸಪ್ಪಳ.
ಒಂದು ಉಸರು.
ಮ್ಯಾಲಿನ ಹಿಡಿಕಿ ಕಿರ್ ಅಂತು.
ಮತ್ತ ಬೂಟು.
ಕೈ ಹಸನಾದ್ರೂ ತೊಳಕೋತ ನಿಂತೆ,
ನಳದಾಗ ನೀರು ತೆಳ್ಳಗಾಗಿ, ನಿಂತು,
ಒಣಾ ಕೈ ಒಂದಕ್ಕೊಂದು ತಿಕ್ಕೋತ.
ಕಡೀಕ ಬಾಗಲ ಬಡೀತು.
ಹಾರ್ನ್ ಎರಡು ಸಲ ಹೊಡದ,
ದಾರಿಯೊಳಗ ಯಾರೂ ಇರಲಿಲ್ಲ.

ಎಡಗಡೇದು ಎದರಿನ ಚಹಾದವಗ ಕೊಟ್ಟೆ,
ಎರಡು ಕಲ್ಲಿನ ಮ್ಯಾಲೆ ಇಟ್ಟಾನ,
ಲಾರಿಯವರು ಕುಂಡರತಾರ.
ಬಲಗಡೇದು ಒಳಗೈತಿ.
ಅದರ ಎಂಟೂ ಬೋಲ್ಟು ಗ್ರೀಸು ಸವರಿ
ಹಾಲಿನಪುಡಿ ಡಬ್ಬ್ಯಾಗ ಹಾಕಿ
ಡಬ್ಬಿ ಮ್ಯಾಲೆ ಗಾಡಿ ನಂಬರ ಬರದೇನಿ.
"ಯಾಕ ಮಾಮಾ?" ಅಂದ ಯಮನೂರ.
"ಮಳಿಗಾಲ ಬರತೈತಲ್ಲೋ," ಅಂದೆ,
"ಕೆಸರು ಹಾರತೈತಿ."